ಗುಂಡಿ ಒತ್ತಿದರೆ ಬದಲಾಗುವ ಅಕ್ಷರ

ಫ್ಲಟರ್ ಬಳಸಿ ಮೊಬೈಲ್ ಆ್ಯಪ್ ಬರೆಯಲು ಕೂತವರಿಗೆ ಮೊದಲು ಸಿಗುವುದು ಒಂದು ಪುಟ್ಟ ಮಾದರಿ. ಪರದೆಯ ನಡುವೆ ಸೊನ್ನೆ, ಕೆಳಗೆ ಒಂದು ಗುಂಡಿ. ಒತ್ತಿದರೆ ಸೊನ್ನೆ ಒಂದಾಗುತ್ತದೆ, ಮತ್ತೆ ಒತ್ತಿದರೆ ಎರಡು. ಆ ಕೋಡ್‌ನಲ್ಲಿರುವ 'ಸೆಟ್‌ಸ್ಟೇಟ್' ಎಂಬ ಒಂದೇ ಕರೆಯನ್ನು ತೆಗೆದುಬಿಟ್ಟರೆ ವಿಚಿತ್ರವೊಂದು ನಡೆಯುತ್ತದೆ. ಒತ್ತಿದಷ್ಟೂ ಸಲ ಫೋನಿನ ಮೆಮೊರಿಯಲ್ಲಿ ಎಣಿಕೆ ಏರುತ್ತದೆ. ಪರದೆ ಮಾತ್ರ ಸೊನ್ನೆಯನ್ನೇ ತೋರಿಸುತ್ತಿರುತ್ತದೆ.

ಬರಹದ ತಂತ್ರಗಳ ಚರಿತ್ರೆಯನ್ನು ಓದುತ್ತಿರುವ ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ. ಶಾಸನದಲ್ಲಿ, ಓಲೆಗರಿಯಲ್ಲಿ, ಅಚ್ಚಾದ ಪುಟದಲ್ಲಿ ಅಕ್ಷರವೇ ದಾಖಲೆ. ಅದನ್ನು ತಿದ್ದಿದರೆ ದಾಖಲೆಯನ್ನೇ ತಿದ್ದಿದಂತೆ. ಪರದೆಯ ಅಕ್ಷರ ಹಾಗಲ್ಲ. ದಾಖಲೆ ಬೇರೆಲ್ಲೋ ಇರುತ್ತದೆ, ಕಾಣುವುದು ಅದರ ಪ್ರತಿಬಿಂಬ. ಹಾಗಾದರೆ ಒಳಗಿನದಕ್ಕೂ ಹೊರಗಿನದಕ್ಕೂ ಹೊಂದಾಣಿಕೆ ತರುವ ಹೊಣೆ ಯಾರದು?

ಈ ಪ್ರಶ್ನೆಗೆ ಅರವತ್ತು ವರ್ಷ ದಾಟಿದೆ. 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಐಟಿಗೆ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧದಲ್ಲಿ 'ಸ್ಕೆಚ್‌ಪ್ಯಾಡ್' ಎಂಬ ಚಿತ್ರ ಬಿಡಿಸುವ ವ್ಯವಸ್ಥೆಯಿದೆ. ಅದರಲ್ಲಿ ಮೂಲಚಿತ್ರವೊಂದನ್ನು ತಿದ್ದಿದರೆ ಅದರ ಎಲ್ಲ ಪ್ರತಿಗಳೂ ತಾವಾಗಿಯೇ ಬದಲಾಗುತ್ತಿದ್ದವು. ಮೂಲ ಒಂದು, ನೋಟ ಹಲವು ಎಂಬ ವಿಚಾರ ಅಲ್ಲಿ ಆಗಲೇ ಇತ್ತು.

ಅದಕ್ಕೆ ಹೆಸರೂ ಶಿಸ್ತೂ ಬಂದದ್ದು 1979ರಲ್ಲಿ. ಹಡಗು ಕಟ್ಟುವವರಿಗೆ ಸಾಫ್ಟ್‌ವೇರ್ ರೂಪಿಸಿದ್ದ ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಆಗ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರಕ್ಕೆ ಅತಿಥಿಯಾಗಿ ಬಂದಿದ್ದರು. ಅವರು ಕಾರ್ಯಕ್ರಮವನ್ನು ಮೂರು ಪಾಲು ಮಾಡಿದರು: ಮಾಹಿತಿಯನ್ನು ಹಿಡಿದಿಡುವ ಮಾಡೆಲ್, ಅದನ್ನು ತೋರಿಸುವ ವ್ಯೂ, ಬಳಕೆದಾರರ ಕ್ರಿಯೆಯನ್ನು ಸ್ವೀಕರಿಸುವ ಕಂಟ್ರೋಲರ್. ಅಲ್ಲಿನ ಸ್ಮಾಲ್‌ಟಾಕ್ ಭಾಷೆಯಲ್ಲಿ ಈ ಪದ್ಧತಿ ಬೆಳೆಯಿತು. ಮಾಡೆಲ್ 'ನಾನು ಬದಲಾದೆ' ಎಂದಷ್ಟೇ ಸಾರುತ್ತದೆ. ಅದನ್ನು ಅವಲಂಬಿಸಿದ ನೋಟಗಳು ತಮ್ಮನ್ನು ತಾವೇ ಹೊಸದಾಗಿಸಿಕೊಳ್ಳುತ್ತವೆ. ರೀನ್ಸ್‌ಕೌಗ್ ಅವರಿಗೆ ಇದು ಬರೀ ಕೋಡ್ ಜೋಡಿಸುವ ಉಪಾಯವಾಗಿರಲಿಲ್ಲ. ಮನುಷ್ಯನ ಮನಸ್ಸಿನಲ್ಲಿರುವ ಚಿತ್ರಕ್ಕೂ ಯಂತ್ರದೊಳಗಿನ ಚಿತ್ರಕ್ಕೂ ನಡುವಿನ ಕಂದಕವನ್ನು ಮುಚ್ಚುವುದೇ ಅವರ ಗುರಿಯಾಗಿತ್ತು.

2008ರಲ್ಲಿ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಾಗ ಸಾಮಾನ್ಯ ರೂಢಿ ಇನ್ನೂ ಸರಳವಾಗಿತ್ತು. ಗುಂಡಿ ಒತ್ತಿದ ಕೂಡಲೇ ಪಠ್ಯದ ಪೆಟ್ಟಿಗೆಯನ್ನು ಹುಡುಕಿ, 'ಸೆಟ್‌ಟೆಕ್ಸ್ಟ್' ಎಂದು ಹೇಳಿ ಹೊಸ ಅಕ್ಷರ ತುಂಬಬೇಕು. ಒಂದು ಪೆಟ್ಟಿಗೆಯಿದ್ದರೆ ಇದು ಸುಲಭ. ಒಂದೇ ಸಂಖ್ಯೆ ಹತ್ತು ಕಡೆ ಕಾಣಬೇಕಾದಾಗ ಒಂದನ್ನು ಮರೆತರೂ ಪರದೆ ಸುಳ್ಳು ಹೇಳುತ್ತದೆ. ಫೇಸ್‌ಬುಕ್‌ನ ಎಂಜಿನಿಯರುಗಳು 2014ರಲ್ಲಿ ಬಹಿರಂಗವಾಗಿ ವಿವರಿಸಿದ ತೊಂದರೆಯೂ ಇಂಥದ್ದೇ: ಹೊಸ ಸಂದೇಶವಿದೆ ಎಂದು ಅಂಕಿ ತೋರಿಸುತ್ತದೆ, ತೆರೆದರೆ ಏನೂ ಇರುವುದಿಲ್ಲ. ಸರಿಪಡಿಸಿದಷ್ಟೂ ಅದು ಮರಳಿ ಬರುತ್ತಿತ್ತು. ಅದೇ ಕಂಪನಿ 2013ರಲ್ಲಿ ಹೊರತಂದಿದ್ದ ರಿಯಾಕ್ಟ್ ಬೇರೊಂದು ದಾರಿ ಹಿಡಿದಿತ್ತು: ಅಕ್ಷರವನ್ನು ತಿದ್ದಬೇಡಿ, ಸ್ಥಿತಿಯನ್ನು ಬದಲಿಸಿ, ಪರದೆ ಹೇಗಿರಬೇಕೆಂಬುದು ಅದರಿಂದಲೇ ಮತ್ತೆ ಹುಟ್ಟಲಿ. ಫ್ಲಟರ್, ಸ್ವಿಫ್ಟ್‌ಯುಐ, ಜೆಟ್‌ಪ್ಯಾಕ್ ಕಂಪೋಸ್ ಇದೇ ಜಾಡಿನವು.

ಆದರೂ ಸಮಸ್ಯೆ ಮುಗಿದಿಲ್ಲ, ಜಾಗ ಬದಲಿಸಿದೆ. ಈಗ ನಿಜವಾದ ದಾಖಲೆ ಹಲವು ಸಲ ಫೋನಿನಲ್ಲೂ ಇರುವುದಿಲ್ಲ, ದೂರದ ಸರ್ವರ್‌ನಲ್ಲಿರುತ್ತದೆ. ಅದರ ಉತ್ತರ ಬರುವ ಮೊದಲೇ ಫಲಿತಾಂಶ ತೋರಿಸಿಬಿಡುವ ಆ್ಯಪ್‌ಗಳಿವೆ. ಲೈಕ್‌ನ ವಿಷಯದಲ್ಲಿ ಅದರಿಂದ ನಷ್ಟವಿಲ್ಲ. ಹಣದ ವಿಷಯದಲ್ಲಿ ಇದೆ. ನಮ್ಮ ಕಿರಾಣಿ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಗಿರಾಕಿ ಫೋನು ಚಾಚಿ 'ಪೇಮೆಂಟ್ ಆಯ್ತು ನೋಡಿ' ಎಂದರೆ ಅವರು ಪರದೆಯತ್ತ ಹೆಚ್ಚು ಗಮನ ಕೊಡುವುದಿಲ್ಲ. ತಮ್ಮ ಗಲ್ಲಾದ ಪಕ್ಕದ ಸ್ಪೀಕರ್ ಹಣ ಬಂತೆಂದು ಕೂಗುವವರೆಗೆ ಕಾಯುತ್ತಾರೆ. ಕಾಣುವ ಅಕ್ಷರವನ್ನೇ ದಾಖಲೆಯೆಂದು ನಂಬುವುದು ಓಲೆಗರಿಯ ಕಾಲದಿಂದ ಬಂದ ಅಭ್ಯಾಸ. ಪರದೆಯ ಮುಂದೆ ಕೂತ ಓದುಗರಿಗೆ ಆ ಅಂಗಡಿಯವರ ಎಚ್ಚರ ಬೇಕು.