ಉಂಗುರ, ಒಪ್ಪ, ಸಾಕ್ಷಿ

ಬಂಡೀಪುರದ ಅರಣ್ಯವು ಬಡಗಣ ದಿಕ್ಕಿನಲ್ಲಿ ತೆರಪಾಗಿ ಹೊಲಗದ್ದೆಗಳಿಗೆ ಎಡೆಗೊಡುವ ಗುಂಡ್ಲುಪೇಟೆ, ಚಾಮರಾಜನಗರಗಳ ಸೀಮೆಯನ್ನು ಪ್ರವಾಸಿಗರು ಆನೆ ಹುಲಿಗಳ ನೆಲೆಯೆಂದಷ್ಟೇ ಬಲ್ಲರು, ಆದರೆ ಬಿ. ಎಲ್. ರೈಸರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು ತಿರುವಿದವರಿಗೆ ಇದು ದತ್ತಿಶಾಸನಗಳ ನಾಡಾಗಿಯೂ ತೋರುವುದು. ಗಂಗರ ಶಿವಮಾರನ ಕನ್ನಡ ತಾಮ್ರಶಾಸನವೊಂದು ತರುವಾಯ ಚಾಮರಾಜನಗರ ತಾಲ್ಲೂಕಿನ ಕುಲಗಾಣದಲ್ಲಿ ದೊರೆಯಿತು. ತೆರಕಣಾಂಬಿಯ ಆಸುಪಾಸಿನಲ್ಲಿ ವಿಜಯನಗರದ ಕಾಲದ ದತ್ತಿಗಳುಂಟು. ಅರಸನು ತಲಕಾಡಿನಲ್ಲಿಯೋ ತುಂಗಭದ್ರೆಯ ತಡಿಯಲ್ಲಿಯೋ ಇರಲು, ಕಾಡಿನಂಚಿನ ಹಳ್ಳಿಯ ಗೌಡನು ತನ್ನೆದುರು ಹಿಡಿದ ತಗಡು ಅರಸನದೇ ಎಂದು ನಂಬುತ್ತಿದ್ದುದು ಯಾವ ಆಧಾರದಿಂದ?

ತಗಡುಗಳ ಅಂಚಿನಲ್ಲಿ ರಂಧ್ರ ಕೊರೆದು, ಅವುಗಳೊಳಗೆ ತಾಮ್ರದ ಉಂಗುರವೊಂದನ್ನು ಪೋಣಿಸಿ, ಅದರ ಎರಡು ತುದಿಗಳನ್ನೂ ರಾಜಮುದ್ರೆಯ ಬುಡದಲ್ಲಿ ಬೆಸೆಯುವುದು ವಾಡಿಕೆ. ಗಂಗರ ಮುದ್ರೆಯಲ್ಲಿ ಆನೆ, ವಿಜಯನಗರದ ಮುದ್ರೆಯಲ್ಲಿ ವರಾಹ. ಉಂಗುರವನ್ನು ಕಡಿಯದೆ ಒಂದು ತಗಡನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಅಸಾಧ್ಯವಾದುದರಿಂದಲೇ, ಶಾಸನವು ಕೈಸೇರುವ ಮೊದಲೇ ಉಂಗುರ ಕಡಿದಿತ್ತೋ ಇಲ್ಲವೋ ಎಂಬುದನ್ನು ಶಾಸನತಜ್ಞ ಜೆ. ಎಫ್. ಫ್ಲೀಟರು ತಪ್ಪದೆ ಬರೆದಿಡುತ್ತಿದ್ದರು. ವಿಜಯನಗರದ ಸಂಸ್ಕೃತ ಶಾಸನಗಳಲ್ಲಿ ಶ್ಲೋಕಗಳೆಲ್ಲ ನಂದಿನಾಗರಿಯಲ್ಲಿದ್ದು, ಕಟ್ಟಕಡೆಗೆ ಮಾತ್ರ ‘ಶ್ರೀ ವಿರೂಪಾಕ್ಷ’ ಎಂಬ ಅರಸನ ಒಪ್ಪವು ದಪ್ಪ ಕನ್ನಡಾಕ್ಷರಗಳಲ್ಲಿ ಕಂಗೊಳಿಸುವುದು.

ಆದರೆ ಮುದ್ರೆಯನ್ನು ಎರಕ ಹೊಯ್ಯಬಲ್ಲವನಿಗೆ ಒಪ್ಪವನ್ನು ಕೆತ್ತುವುದೇನು ಘನಕಾರ್ಯ? ಆದಕಾರಣ ಗಂಗರ ಶಾಸನಗಳು ಲೋಹವನ್ನೇ ನೆಚ್ಚಿಕೊಂಡಿಲ್ಲ. ತೊಂಬತ್ತಾರು ಸಾಸಿರ ನಾಡಿನ ಪ್ರಜೆಗಳನ್ನು ಸಾಕ್ಷಿಯೆಂದು ಕರೆಯುತ್ತವೆ, ಕೆತ್ತಿದ ವಿಶ್ವಕರ್ಮಾಚಾರ್ಯನ ಹೆಸರನ್ನು ಹೇಳುತ್ತವೆ, ಹಳ್ಳ, ಹುತ್ತ, ಮರಗಳನ್ನು ಹೆಸರಿಸಿ ನೆರೆಯೂರಿನವರೆಲ್ಲರೂ ಅರಿತ ಎಲ್ಲೆಯನ್ನು ಬರೆಯುತ್ತವೆ. ಕೂಟಶಾಸನಗಳು ಇದರಿಂದ ನಿಂತುಹೋದುವೆಂದಲ್ಲ. ಫ್ಲೀಟರು 1901ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಕೃತಕ ಶಾಸನಗಳ ಉದ್ದನೆಯ ಪಟ್ಟಿಯನ್ನೇ ಕೊಟ್ಟರು. ಲಿಪಿಯು ಹೇಳಿದ ಕಾಲಕ್ಕಿಂತ ಈಚಿನದೇ, ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂಬುವು ಅವರ ಒರೆಗಲ್ಲುಗಳು. ಶಕ 388ರ ಮಡಿಕೇರಿ ತಾಮ್ರಶಾಸನದ ಮೇಲೂ ಅವರ ಸಂಶಯ ಬಿದ್ದಿತು. ಇಂಥ ಗಂಗರ ಶಾಸನಗಳ ಪರವಾಗಿ ರೈಸರು ವಾದಿಸಿದರು. ಕಳೆದುಹೋದ ಮೂಲಕ್ಕೆ ಮುಂದಿನ ತಲೆಮಾರಿನವರು ಬರೆಸಿಟ್ಟ ಪ್ರತಿಯೂ ಇರಬಹುದಾದ್ದರಿಂದ, ಫ್ಲೀಟರ ಕಾಠಿಣ್ಯವು ಕೆಲವೆಡೆ ಅತಿಯಾಯಿತೆಂದೇ ನನ್ನೆಣಿಕೆ.

ಓಲೆ ನಿಜಕ್ಕೂ ಹೆಸರು ಹೊತ್ತವನದೇ ಎಂಬ ಆ ಗೌಡನ ಪ್ರಶ್ನೆ ನಮ್ಮ ಕಾಲದಲ್ಲಿ ಇ-ಮೇಲಿಗೂ ಎದುರಾಯಿತು. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ನರು ಪಿಜಿಪಿ ಎಂಬ ಗೂಢಲಿಪಿಯ ತಂತ್ರಾಂಶವನ್ನು ಹೊರತಂದಾಗ, ಇ-ಮೇಲಿಗೆ ಒಪ್ಪ ಹಾಕುವ ಉಪಾಯ ಸಾಮಾನ್ಯರ ಕೈಗೂ ದಕ್ಕಿತು. ಬರೆದವನು ತನ್ನಲ್ಲೇ ಇಟ್ಟುಕೊಂಡ ಗುಪ್ತ ಕೀಲಿಯಿಂದ ಹಾಕಿದ ಒಪ್ಪವನ್ನು, ಅವನು ಎಲ್ಲರಿಗೂ ಕೊಟ್ಟ ಬಹಿರಂಗ ಕೀಲಿಯಿಂದ ಯಾರಾದರೂ ಪರೀಕ್ಷಿಸಬಹುದು, ಓಲೆಯ ಒಂದಕ್ಷರ ಬದಲಾದರೂ ಒಪ್ಪ ಕೂಡಿಬರದು. ತೊಡಕು ಮಾತ್ರ ಗೌಡನದೇ. ಯಾರು ಬೇಕಾದರೂ ಯಾರ ಹೆಸರಿನಲ್ಲಿ ಬೇಕಾದರೂ ಕೀಲಿಯನ್ನು ಮಾಡಿಕೊಳ್ಳಬಹುದಾದುದರಿಂದ, ಒಪ್ಪವು ಸರಿಯೆಂದ ಮಾತ್ರಕ್ಕೆ ಒಪ್ಪ ಹಾಕಿದವನು ಇಂಥವನೇ ಎಂದಾಗದು. ಬಲ್ಲವರು ಕೀಲಿಯ ‘ಬೆರಳಗುರುತು’ ಎನಿಸಿಕೊಳ್ಳುವ ನಲವತ್ತು ಅಂಕಾಕ್ಷರಗಳ ಸಾಲನ್ನು, ಓಲೆ ಬಂದ ದಾರಿಯನ್ನು ಬಿಟ್ಟು, ಮುಖಾಮುಖಿಯಾಗಿಯೋ ಪರಿಚಿತ ದನಿಯ ದೂರವಾಣಿಯಲ್ಲಿಯೋ ಓದಿ ತಾಳೆ ನೋಡುವರು; ತಾಳೆಯಾದ ಬಳಿಕ ಆ ಕೀಲಿಗೆ ತಮ್ಮ ಒಪ್ಪವನ್ನು ಸಾಕ್ಷಿಯಾಗಿ ಸೇರಿಸುವರು. ಸಾಕ್ಷಿಗೂ ಮಿತಿ ಬೇಕೆಂಬುದು 2019ರಲ್ಲಿ ತಿಳಿಯಿತು: ಕಿಡಿಗೇಡಿಗಳು ಹೆಸರಾಂತ ಇಬ್ಬರ ಬಹಿರಂಗ ಕೀಲಿಗಳಿಗೆ ಲಕ್ಷಕ್ಕೂ ಮಿಕ್ಕ ಪೊಳ್ಳು ಒಪ್ಪಗಳನ್ನು ತುರುಕಲು, ಅದರ ಭಾರಕ್ಕೆ ತಂತ್ರಾಂಶವೇ ಕುಸಿಯಿತು.

ನಮ್ಮ ಸರ್ಕಾರವು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಅರಸರ ಮುದ್ರೆಯ ಹಾದಿಯನ್ನೇ ಹಿಡಿದು, ಡಿಜಿಟಲ್ ಸಹಿಗಳನ್ನು ಪ್ರಮಾಣೀಕರಿಸುವವರ ಮೇಲೆ ಒಬ್ಬ ನಿಯಂತ್ರಕನನ್ನು ಕೂರಿಸಿತು; ಗುಂಡ್ಲುಪೇಟೆಯ ರೈತನ ಪಹಣಿಗೂ ಈಗ ಡಿಜಿಟಲ್ ಸಹಿಯುಂಟು. ಅದೇ ಹೊಲವನ್ನು ಅವನು ಮಾರಹೊರಟರೆ ಮಾತ್ರ, ಕ್ರಯಪತ್ರದಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ಬರೆಯಿಸಿ, ತನ್ನನ್ನು ಬಲ್ಲವರನ್ನು ನೋಂದಣಿ ಕಚೇರಿಗೆ ಕರೆತಂದು, ಗುರುತಿಸುವವರ ರುಜುವನ್ನು ಹಾಕಿಸಬೇಕು.