ಅಗರ್ತಲಾದ ಲಾಗ: ದೀಪಾ ಕರ್ಮಾಕರ್ ಅವರ ಕ್ರೀಡಾಜೀವನ



ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿದರೆ ಮಲಪ್ರಭೆಯ ದಡದ ಕೊಣ್ಣೂರು ಸಿಗುತ್ತದೆ. ಇಂತಹ ಹೊಳೆಯ ದಂಡೆಯ ಊರುಗಳಲ್ಲಿ ಬೆಳೆದವರಿಗೆ ಲಾಗ ಹೊಡೆಯುವುದೆಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ. ದಡದಿಂದ ಓಡಿ ಬಂದು, ಗಾಳಿಯಲ್ಲಿ ಒಂದು ಸುತ್ತು ತಿರುಗಿ ಹುಡುಗರು ನೀರಿಗೆ ಬೀಳುತ್ತಾರೆ. ಲೆಕ್ಕ ತಪ್ಪಿದರೂ ನೀರು ಕ್ಷಮಿಸುತ್ತದೆ. ಗಟ್ಟಿ ನೆಲ ಕ್ಷಮಿಸುವುದಿಲ್ಲ. ಜಿಮ್ನಾಸ್ಟಿಕ್ಸ್ ಎಂಬ ಕ್ರೀಡೆಯ ಕಷ್ಟವೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ.

ಅಂಗಸಾಧನೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯ ವಿಚಾರವಿದೆ. ಉತ್ತರ ಕರ್ನಾಟಕದ ಊರೂರಿನಲ್ಲಿ ಗರಡಿಮನೆಗಳು ಬೆಳೆದವು. ಆದರೆ ಗರಡಿಯ ಬಾಗಿಲು ಗಂಡುಮಕ್ಕಳಿಗೆ ಮಾತ್ರ ತೆರೆದಿತ್ತು. ದೊಂಬರಾಟದಲ್ಲಿ ಹೆಣ್ಣುಮಕ್ಕಳು ಹಗ್ಗದ ಮೇಲೆ ನಡೆದು ಜನರನ್ನು ಬೆರಗುಗೊಳಿಸುತ್ತಿದ್ದರು. ಅದು ಅವರ ಹೊಟ್ಟೆಪಾಡು. ಅದನ್ನು ಯಾರೂ ಕ್ರೀಡೆಯೆಂದು ಕರೆಯಲಿಲ್ಲ, ಪದಕವನ್ನೂ ಕೊಡಲಿಲ್ಲ. ಹಾಗಾದರೆ ಲಾಗ ಹೊಡೆಯಬಲ್ಲ ಹುಡುಗಿಗೆ ಗರಡಿ ಎಲ್ಲಿ? ಈ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಒಂದು ಬದುಕು ನಮ್ಮ ದೇಶದ ಈಶಾನ್ಯದ ಮೂಲೆಯಲ್ಲಿದೆ.

ದೀಪಾ ಕರ್ಮಾಕರ್ 1993ರ ಆಗಸ್ಟ್ 9ರಂದು ತ್ರಿಪುರಾದ ಅಗರ್ತಲಾದಲ್ಲಿ ಹುಟ್ಟಿದರು. ತಂದೆ ದುಲಾಲ್ ಕರ್ಮಾಕರ್ ಭಾರ ಎತ್ತುವ ಕ್ರೀಡೆಯ ತರಬೇತುದಾರರು. ಆರನೆಯ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಕಲಿಯಲು ತೊಡಗಿದ ಬಾಲಕಿಗೆ ಮೊದಲ ತೊಡಕಾದದ್ದು ಅವಳದೇ ಪಾದಗಳು. ಅಂಗಾಲು ಚಪ್ಪಟೆಯಾಗಿತ್ತು. ನಮ್ಮ ಅಂಗಾಲಿನ ಕಮಾನು ಬಿಲ್ಲಿನ ಹಾಗೆ ಕೆಲಸ ಮಾಡುತ್ತದೆ: ಜಿಗಿಯುವಾಗ ಪುಟಿಸುತ್ತದೆ, ಇಳಿಯುವಾಗ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಅದಿಲ್ಲದವರು ಈ ಕ್ರೀಡೆಗೆ ಬಾರದಿರುವುದೇ ಲೇಸೆಂದು ತಿಳಿದವರು ಹೇಳುತ್ತಾರೆ. ತರಬೇತುದಾರ ಬಿಶ್ವೇಶ್ವರ ನಂದಿಯವರು ಮಾತ್ರ ಹುಡುಗಿಯನ್ನು ಮನೆಗೆ ಕಳಿಸಲಿಲ್ಲ. ವರ್ಷಗಟ್ಟಲೆ ವ್ಯಾಯಾಮ ಮಾಡಿಸಿ ಆ ಪಾದಗಳನ್ನು ತಿದ್ದಿದರು. ಅಗರ್ತಲಾದ ವಿವೇಕಾನಂದ ವ್ಯಾಯಾಮಾಗಾರದಲ್ಲಿ ಆಗ ಒಳ್ಳೆಯ ಸಲಕರಣೆಗಳಿರಲಿಲ್ಲ. ಹಳೆಯ ಸ್ಕೂಟರಿನ ಬಿಡಿಭಾಗಗಳನ್ನು ಜೋಡಿಸಿ ಅಭ್ಯಾಸದ ಸಾಧನವೊಂದನ್ನು ಮಾಡಿಕೊಂಡರು. ಹೊಳೆಯ ನೀರು ಮಾಡುವ ಕೆಲಸವನ್ನು ಒಂದರ ಮೇಲೊಂದು ಪೇರಿಸಿದ ಹಾಸುಗಳಿಂದ ಮಾಡಿಸಿಕೊಂಡರು.

ಫಲ ಬೇಗನೆ ಕಾಣಿಸಿತು. 2011ರಲ್ಲಿ ಜಾರ್ಖಂಡ್‌ನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ದೀಪಾ 5 ಚಿನ್ನದ ಪದಕ ಗೆದ್ದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ವಾಲ್ಟ್ ಸ್ಪರ್ಧೆಯಲ್ಲಿ ಕಂಚು ಬಂದಿತು. ಆ ಕೂಟದ ಜಿಮ್ನಾಸ್ಟಿಕ್ಸ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. 2015ರಲ್ಲಿ ಹಿರೋಶಿಮಾದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಕಂಚು. ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನ ವಾಲ್ಟ್ ಫೈನಲ್‌ನಲ್ಲಿ ಐದನೆಯ ಸ್ಥಾನ.

ಇಲ್ಲಿ ವಾಲ್ಟ್ ಎಂದರೇನೆಂದು ಸ್ವಲ್ಪ ತಿಳಿಯೋಣ. ಸ್ಪರ್ಧಾಳು ಹೆಚ್ಚೆಂದರೆ 25 ಮೀಟರ್ ಓಡಿ ಬಂದು, ಚಿಮ್ಮುಹಲಗೆಯನ್ನು ತುಳಿದು, 125 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಅಂಗೈ ಊರಿ ಗಾಳಿಗೆ ಚಿಮ್ಮುತ್ತಾಳೆ. ಅಲ್ಲಿ ಸುತ್ತು ತಿರುಗಿ ಆಚೆ ಬದಿಗೆ ಕಾಲೂರಿ ನಿಲ್ಲಬೇಕು. ಎಲ್ಲವೂ ಕೆಲವೇ ಕ್ಷಣಗಳ ಮಾತು. 1999ರಲ್ಲಿ ರಷ್ಯಾದ ಯೆಲೇನಾ ಪ್ರೊಡುನೋವಾ ಎಂಬಾಕೆ ಮೇಜಿನಿಂದ ಚಿಮ್ಮಿ ಮುಂದಕ್ಕೆ ಎರಡು ಪೂರ್ಣ ಲಾಗ ಹೊಡೆದು ನಿಂತಳು. ಈ ವಾಲ್ಟಿಗೆ ಅವಳ ಹೆಸರೇ ಉಳಿಯಿತು. ಮುಂದಕ್ಕೆ ತಿರುಗುವವರಿಗೆ ಇಳಿಯುವ ನೆಲ ಕೊನೆಯ ಗಳಿಗೆಯವರೆಗೆ ಕಣ್ಣಿಗೆ ಬೀಳುವುದಿಲ್ಲ. ಅರ್ಧ ಸುತ್ತು ಕಡಿಮೆಯಾದರೆ ಪೆಟ್ಟು ಬೀಳುವುದು ಕುತ್ತಿಗೆಗೆ. ಆದ್ದರಿಂದ ಇದನ್ನು ‘ಸಾವಿನ ವಾಲ್ಟ್’ ಎಂದೂ ಕರೆದರು. ಸ್ಪರ್ಧೆಯಲ್ಲಿ ಇದನ್ನು ಮಾಡಿ ತೋರಿಸಿದ ಮಹಿಳೆಯರು ಬೆರಳೆಣಿಕೆಯಷ್ಟು, ದೀಪಾ ಅವರಲ್ಲೊಬ್ಬರು.

ಇಷ್ಟು ಅಪಾಯದ ವಾಲ್ಟನ್ನು ಏಕೆ ಆರಿಸಿಕೊಂಡರು? ಬರಿಯ ಎದೆಗಾರಿಕೆಯಿಂದ ಅಲ್ಲ. ಅದರ ಹಿಂದೆ ಲೆಕ್ಕಾಚಾರವಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ 14 ವರ್ಷದ ನಾದಿಯಾ ಕೊಮನೇಚಿ 10ಕ್ಕೆ 10 ಅಂಕ ಪಡೆದದ್ದನ್ನು ನೀವು ಕೇಳಿರಬಹುದು. ಆ ಪದ್ಧತಿ 2006ರಲ್ಲಿ ಬದಲಾಯಿತು. ಅಂದಿನಿಂದ ತೀರ್ಪುಗಾರರು ಎರಡು ಅಂಕಗಳನ್ನು ಕೂಡಿಸುತ್ತಾರೆ: ಮಾಡಿದ ವಿದ್ಯೆ ಎಷ್ಟು ಕಠಿಣ ಎಂಬುದಕ್ಕೆ ಒಂದು, ಎಷ್ಟು ಚೊಕ್ಕವಾಗಿ ಮಾಡಿದರು ಎಂಬುದಕ್ಕೆ ಇನ್ನೊಂದು. ರಿಯೋ ಒಲಿಂಪಿಕ್ಸ್‌ನ ಕಾಲಕ್ಕೆ ಪ್ರೊಡುನೋವಾ ವಾಲ್ಟಿನ ಕಾಠಿಣ್ಯಕ್ಕೆ 7.0 ಅಂಕವಿತ್ತು, ಹೆಸರಾಂತ ಅಮನಾರ್ ವಾಲ್ಟಿಗೆ 6.3. ಬಾಲ್ಯದಿಂದಲೇ ಉತ್ತಮ ಸಲಕರಣೆಗಳಲ್ಲಿ ಪಳಗಿದವರೊಡನೆ ಚೊಕ್ಕತನದಲ್ಲಿ ಸರಿಗಟ್ಟುವುದು ಕಷ್ಟವಾದಾಗ, ಕಾಠಿಣ್ಯದಲ್ಲಿ 0.7 ಅಂಕದ ಮುಂಗಡ ಪಡೆಯುವುದೇ ಉಳಿದ ದಾರಿ. ಸ್ಕೂಟರಿನ ಬಿಡಿಭಾಗಗಳ ಮೇಲೆ ಕಲಿತ ಹುಡುಗಿ ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಂಡು ಆ ಕೊರತೆಯನ್ನು ತುಂಬಿಕೊಂಡಳು.

2016ರ ಏಪ್ರಿಲ್‌ನಲ್ಲಿ ರಿಯೋದಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ 52.698 ಅಂಕ ಗಳಿಸಿ ದೀಪಾ ಒಲಿಂಪಿಕ್ಸ್ ಪ್ರವೇಶಿಸಿದರು. ಅದಕ್ಕೆ ಮೊದಲು 1952, 1956 ಮತ್ತು 1964ರಲ್ಲಿ ಒಟ್ಟು 11 ಮಂದಿ ಭಾರತೀಯ ಜಿಮ್ನಾಸ್ಟ್‌ಗಳು ಒಲಿಂಪಿಕ್ಸ್‌ಗೆ ಹೋಗಿದ್ದರು. ಎಲ್ಲರೂ ಪುರುಷರು. 52 ವರ್ಷಗಳ ಮೌನವನ್ನು ಮುರಿದವಳು ಒಬ್ಬ ಹೆಣ್ಣುಮಗಳು.

ಆಗಸ್ಟ್ 14ರಂದು ಫೈನಲ್. ಮೊದಲ ವಾಲ್ಟಿಗೆ 14.866 ಅಂಕ ಸಿಕ್ಕಿತು. ಎರಡನೆಯದು ಪ್ರೊಡುನೋವಾ. ದೀಪಾ ಪಾದ ಊರಿ ಇಳಿದರು, ಆದರೆ ದೇಹ ಹಾಸಿನ ಸಮೀಪಕ್ಕೆ ಕುಸಿದಿತ್ತು. ಮರುಕ್ಷಣ ಎದ್ದು ನಿಂತರು. ಅಂಕ 15.266. ಎರಡರ ಸರಾಸರಿ 15.066. ಅಮೆರಿಕದ ಸಿಮೋನ್ ಬೈಲ್ಸ್ 15.966 ಅಂಕದೊಡನೆ ಚಿನ್ನ, ರಷ್ಯಾದ ಮರಿಯಾ ಪಸೇಕಾ 15.253ರೊಡನೆ ಬೆಳ್ಳಿ, ಸ್ವಿಟ್ಜರ್‌ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ 15.216ರೊಡನೆ ಕಂಚು ಗೆದ್ದರು. ದೀಪಾ ನಾಲ್ಕನೆಯವರು. ಕಂಚಿಗೂ ಅವರಿಗೂ ಇದ್ದ ಅಂತರ 0.150. ಎರಡು ವಾಲ್ಟ್‌ಗಳ ಮೊತ್ತದಲ್ಲಿ ಇದು 0.3 ಅಂಕವಾಗುತ್ತದೆ. ಇಳಿದಾಗ ತೋಲ ತಪ್ಪಿ ಒಂದು ದೊಡ್ಡ ಹೆಜ್ಜೆ ಇಟ್ಟರೆ ತೀರ್ಪುಗಾರರು ಕಳೆಯುವುದು ಇಷ್ಟೇ ಅಂಕವನ್ನು. ಒಂದು ಹೆಜ್ಜೆಯ ಬೆಲೆಗೆ ಒಂದು ಒಲಿಂಪಿಕ್ ಪದಕ ಕೈತಪ್ಪಿತು!

ಪದಕವಿಲ್ಲದಿದ್ದರೂ ದೇಶ ಅವರನ್ನು ಮರೆಯಲಿಲ್ಲ. 2016ರಲ್ಲಿ ಖೇಲ್ ರತ್ನ, 2017ರಲ್ಲಿ ಪದ್ಮಶ್ರೀ ಬಂದವು. ಉಡುಗೊರೆಯಾಗಿ ಬಂದ ಬಿಎಂಡಬ್ಲ್ಯು ಕಾರನ್ನು, ಅಗರ್ತಲಾದ ರಸ್ತೆಗಳು ಇಕ್ಕಟ್ಟು, ಅದರ ದುರಸ್ತಿಗೂ ಅಲ್ಲಿ ಅನುಕೂಲವಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸಿದ ಪ್ರಸಂಗ ಆಗ ಸುದ್ದಿಯಾಗಿತ್ತು. ನೆಲ ಬಿಡದ ಆ ಮನೆತನದ ರೀತಿ ಇದರಲ್ಲಿ ತಿಳಿಯುತ್ತದೆ.

ಆಮೇಲಿನ ವರ್ಷಗಳು ಸುಲಭವಾಗಿರಲಿಲ್ಲ. 2017ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. 2018ರ ಜುಲೈನಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವಿಶ್ವ ಚಾಲೆಂಜ್ ಕಪ್ ವಾಲ್ಟ್ ಚಿನ್ನ ಗೆದ್ದು ಹಿಂದಿರುಗಿದರು. ಮೊಣಕಾಲು ಮತ್ತೆ ಕಾಡಿತು. ಟೋಕಿಯೊ ಒಲಿಂಪಿಕ್ಸ್ ಕೈಬಿಟ್ಟುಹೋಯಿತು. 2021ರ ಅಕ್ಟೋಬರ್‌ನಲ್ಲಿ ಪಡೆದ ಮಾದರಿಯಲ್ಲಿ ನಿಷೇಧಿತ ಹೈಜೆನಮೈನ್ ಪತ್ತೆಯಾಗಿ 21 ತಿಂಗಳ ನಿಷೇಧಕ್ಕೆ ಒಳಗಾದರು. ತಿಳಿಯದೆ ದೇಹ ಸೇರಿತೆಂದು ಅವರು ಹೇಳಿದರು. ಆದರೆ ದೇಹದಲ್ಲಿ ಕಂಡದ್ದಕ್ಕೆ ಕ್ರೀಡಾಳುವೇ ಹೊಣೆ ಎನ್ನುತ್ತದೆ ನಿಯಮ. ಕ್ರೀಡೆಯ ಹಾದಿ ಹಿಡಿಯುವ ವಿದ್ಯಾರ್ಥಿಗಳು ಈ ಅಧ್ಯಾಯವನ್ನೂ ಓದಬೇಕು. ಒಬ್ಬರ ಚರಿತ್ರೆಯನ್ನು ಬರೆಯುವಾಗ ಗೆಲುವಿನ ಪುಟಗಳನ್ನಷ್ಟೇ ಉಳಿಸಿಕೊಳ್ಳುವುದು ನ್ಯಾಯವಲ್ಲ.

ನಿಷೇಧ 2023ರ ಜುಲೈನಲ್ಲಿ ಮುಗಿಯಿತು. 2024ರ ಮೇ 26ರಂದು ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 30 ವರ್ಷದ ದೀಪಾ 13.566 ಅಂಕದೊಡನೆ ವಾಲ್ಟ್ ಚಿನ್ನ ಗೆದ್ದರು. ಆ ಕೂಟದಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಜಿಮ್ನಾಸ್ಟ್ ಎಂಬ ಹೆಸರು ಅವರದಾಯಿತು. ಅದೇ ವರ್ಷ ಅಕ್ಟೋಬರ್ 7ರಂದು ನಿವೃತ್ತಿ ಘೋಷಿಸಿದರು.

ಈ ಕ್ರೀಡಾಜೀವನದ ಬೆಲೆಯನ್ನು ಪದಕದ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಸಾಲದು. 2018ರಲ್ಲಿ ಅರುಣಾ ಬುದ್ಧಾ ರೆಡ್ಡಿ ಮೆಲ್ಬೋರ್ನ್ ವಿಶ್ವಕಪ್‌ನಲ್ಲಿ ವಾಲ್ಟ್ ಕಂಚು ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪ್ರಣತಿ ನಾಯಕ್ ಸ್ಪರ್ಧಿಸಿದರು. ಒಮ್ಮೆ ತೆರೆದ ಬಾಗಿಲು ಮುಚ್ಚಿಹೋಗಲಿಲ್ಲ.

ಧೈರ್ಯ ದೀಪಾ ಅವರದು. ಆದರೆ ಆ ಧೈರ್ಯ ಬಾಳಿದ್ದು ಚಪ್ಪಟೆ ಪಾದದ ಹುಡುಗಿಯನ್ನು ಹಿಂದಕ್ಕೆ ಕಳಿಸದ ಒಬ್ಬ ಗುರುವಿನಿಂದ, ಬಾಗಿಲು ಹಾಕದ ಒಂದು ವ್ಯಾಯಾಮಶಾಲೆಯಿಂದ, ಬಿದ್ದಲ್ಲಿ ಹಾಸಿದ್ದ ಹಾಸಿನಿಂದ. ಇಂತಹ ಲಾಗವನ್ನು ನೀವಾಗಿಯೇ ಪ್ರಯತ್ನಿಸಬೇಡಿ. ಕಲಿಸುವವರಿಲ್ಲದೆ ಮಾಡುವ ವಿದ್ಯೆ ಅದಲ್ಲ. ಬದಲಿಗೆ, ನಿಮ್ಮ ಊರಿನಲ್ಲಿ ಓಡುವ, ಜಿಗಿಯುವ ಹುಡುಗಿಯೊಬ್ಬಳನ್ನು ಕಂಡಾಗ ಈ ಪ್ರಶ್ನೆಯನ್ನು ಕೇಳಿಕೊಳ್ಳಿ: ಇವಳಿಗೆ ಗರಡಿ ಎಲ್ಲಿದೆ?