ಹಿಮದ ದಡದ ಒಲೆಗಳು

ಶಿಡ್ಲಘಟ್ಟದ ಬೀದಿಗಳಲ್ಲಿ ನಡೆದವರಿಗೆ ರೇಷ್ಮೆಗೂಡು ಬೇಯುವ ವಾಸನೆ ಹೊಸದಲ್ಲ. ಗೂಡು ಮಾರಲು ಚಿಂತಾಮಣಿಯ ಕಡೆಯಿಂದ ಬಂದವರು ಮೂಗು ಮುಚ್ಚಿಕೊಂಡರೂ, ಅಲ್ಲಿನ ಅನೇಕ ಮನೆಗಳಿಗೆ ಅದು ಅನ್ನದ ವಾಸನೆ. ಆ ಒಲೆಗಳು ಆರಿ ಮುನ್ನೂರು ವರ್ಷ ಕಳೆದುವೆಂದು ತಿಳಿಯಿರಿ. ಸೀರೆಯ ಸೊಬಗನ್ನು ಯಾರಾದರೂ ಬರೆದಿಟ್ಟಾರು. ಬಿಸಿನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚಿದವರ ಗುರುತು ಉಳಿದೀತೆ? ಇಂತಹದೇ ಪ್ರಶ್ನೆಗೆ ಬಹು ದೂರದ ನೆಲವೊಂದು ಉತ್ತರ ಕೊಟ್ಟಿದೆ.

ನಾರ್ವೆಯ ಉತ್ತರಕ್ಕೆ, ಧ್ರುವದ ಸಮೀಪ, ಸ್ಪಿಟ್ಸ್‌ಬರ್ಗನ್ ದ್ವೀಪಗಳಿವೆ. ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸನು 1596ರಲ್ಲಿ ಅವನ್ನು ಕಂಡನು. ಸುತ್ತಣ ಕಡಲಿನಲ್ಲಿ ತಿಮಿಂಗಿಲಗಳು ಹೇರಳವಾಗಿದ್ದುವು. ಅವುಗಳ ಕೊಬ್ಬನ್ನು ಕಾಯಿಸಿದರೆ ದೀಪಕ್ಕೂ ಸಾಬೂನಿಗೂ ಒದಗುವ ಎಣ್ಣೆ ದೊರೆಯುತ್ತಿತ್ತು. 1619ರ ಸುಮಾರಿಗೆ ಡಚ್ಚರು ಅಲ್ಲಿ ಸ್ಮೇರೆನ್‌ಬರ್ಗ್ ಎಂಬ ನೆಲೆಯನ್ನು ಹೂಡಿದರು. ‘ಕೊಬ್ಬಿನ ಊರು’ ಎಂದೇ ಅದರ ಅರ್ಥ. ಬೇಸಗೆಯಲ್ಲಿ ಬಂದು, ದೊಡ್ಡ ಕೊಪ್ಪರಿಗೆಗಳಲ್ಲಿ ಕೊಬ್ಬು ಕಾಯಿಸಿ, ಪೀಪಾಯಿಗಳನ್ನು ತುಂಬಿಕೊಂಡು ಹಿಂತಿರುಗುವರು. ಬೇಟೆ ಮಿತಿಮೀರಿ ಕೊಲ್ಲಿಯಲ್ಲಿ ತಿಮಿಂಗಿಲಗಳು ವಿರಳವಾದುವು. 1660ರ ಸುಮಾರಿಗೆ ಊರು ಹಾಳುಬಿದ್ದಿತು.

ಊರು ಅಳಿಯಿತು, ಕಥೆ ಬೆಳೆಯಿತು. ಅಂಗಡಿಬೀದಿಗಳಿದ್ದುವು, ಇಗರ್ಜಿಯಿತ್ತು, ಸಾವಿರಾರು ಜನರಿದ್ದರು ಎಂದು ಮುಂದಿನವರು ಬರೆದರು. 1979ರಿಂದ 1981ರವರೆಗೆ ಗ್ರೋನಿಂಗನ್ ವಿಶ್ವವಿದ್ಯಾನಿಲಯದ ಲೌರೆನ್ಸ್ ಹಾಕ್ವೆಬೋರ್ಡ್ ಮತ್ತು ಸಂಗಡಿಗರು ನೆಲವನ್ನು ಅಗೆದು ನೋಡಿದರು. ದೊರೆತುದು ಕೆಲವು ಒಲೆಗಳು, ಸುಮಾರು 200 ಜನರಿಗೆ ಸಾಲುವಷ್ಟು ಮನೆಗಳು, ಅಷ್ಟೆ.

ಆದರೆ ನೆಲವು ಕಥೆಯನ್ನು ಕಿರಿದುಮಾಡಿ, ಮನುಷ್ಯರನ್ನು ಹಿಂದಕ್ಕೆ ಕೊಟ್ಟಿತು. 1980ರಲ್ಲಿ ಅದೇ ಪ್ರದೇಶದಲ್ಲಿ ಡಚ್ ತಿಮಿಂಗಿಲ ಕೆಲಸಗಾರರ 185 ಗೋರಿಗಳ ಶೋಧನೆ ನಡೆಯಿತು. ಹೆಪ್ಪುಗಟ್ಟಿದ ಮಣ್ಣಿನಲ್ಲಿ, ತಲೆಬುರುಡೆಗಳ ಮೇಲೆ ಉಣ್ಣೆಯ ಕುಲಾವಿಗಳು ಇನ್ನೂ ಇದ್ದುವು! ಚಳಿಗೆ ಮೈಮುಖ ಮುಚ್ಚಿಕೊಂಡು ದುಡಿಯುವಾಗ ಇವನಾರೆಂದು ತಿಳಿಸುತ್ತಿದ್ದುದು ಕುಲಾವಿಯ ಬಣ್ಣ, ಪಟ್ಟೆಗಳು. ಆದುದರಿಂದಲೇ ಜೊತೆಗಾರರು ಅವನ್ನು ಗೋರಿಗೂ ಕಳುಹಿರಬೇಕೆಂದು ವಿದ್ವಾಂಸರ ಊಹೆ. ಅವು ಈಗ ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿವೆ.

1946ಕ್ಕೆ ಹಿಂದಿನ ಇಂತಹ ಕುರುಹುಗಳಿಗೆಲ್ಲ ಅಲ್ಲಿ ಕಾನೂನಿನ ರಕ್ಷಣೆಯುಂಟು. ಆದರೂ ನೆಲದೊಳಗಿನ ಹಿಮ ಕರಗುತ್ತಿದೆ, ಅಲೆಗಳು ದಡವನ್ನು ಕೊರೆಯುತ್ತಿವೆ. ಕಾನೂನನ್ನು ಕಡಲು ಕೇಳುವುದೆ?

ನಮ್ಮ ಮಣ್ಣಿನಲ್ಲಿ ಉಣ್ಣೆ ಅಷ್ಟು ಕಾಲ ಉಳಿಯದು. ತಮ್ಮ ಮನೆಯ ಅಟ್ಟದ ಮೇಲೆ ಹಳೆಯ ಚರಕವೊಂದಿದ್ದರೆ, ಸೌದೆಗೆ ಹಾಕುವ ಮುನ್ನ ಅದನ್ನು ತಿರುಗಿಸಿದ ಕೈ ಯಾರದೆಂದು ಮಕ್ಕಳಿಗೆ ಹೇಳಿರಿ.